ಅತ್ತಿಗೆಯ ಅಂಡಮಾನ್

ಬಾಗಿಲು ತೆಗೆದ ಅತ್ತಿಗೆ ಅಂಬುಜಾಳ ಮುಖದಲ್ಲಿ ನಗು ಮೂಡಲು ಎರಡು ಕ್ಷಣ ಹೆಚ್ಚೇ ಹಿಡಿಯಿತು. ಗಾರ್ಗಿ ಅದನ್ನೂ ಗಮನಿಸಿದಳು.

ಅರಸೀಕೆರೆಯಿಂದ ಮೊದಲ ರೈಲು ಹತ್ತಿ, ಒಂದು ಫೋನೂ ಮಾಡದೆ, ಮೈಸೂರಿನ ಚಾಮರಾಜಪುರಂನ ಅಣ್ಣನ ಮನೆ ಮುಂದೆ ಅವಳು ಬಂದು ನಿಂತದ್ದು ಸುಮ್ಮನೆ ಅಲ್ಲ. ಹಿಂದಿನ ದಿನ ಅಣ್ಣ ಫೋನಿನಲ್ಲಿ ಹೇಳಿದ್ದ: "ಈ ದಸರಾಕ್ಕೆ ನಾವು ಊರಲ್ಲಿರಲ್ಲ ಕಣೇ. ಅಂಡಮಾನ್‌ಗೆ ಹೋಗ್ತಿದ್ದೀವಿ."

ಮದುವೆಯಾದಾಗಿನಿಂದ ಗಾರ್ಗಿಯ ದಸರಾ ಅಣ್ಣನ ಮನೆಯಲ್ಲೇ. ಮೊದಮೊದಲು ಗಂಡನೊಬ್ಬನೇ ಜೊತೆಗಿದ್ದ. ಈಗ ಗಂಡ, ಇಬ್ಬರು ಮಕ್ಕಳು, ಅತ್ತೆ, ಅತ್ತೆಯ ತಂಗಿ. ಹಾಲ್ ತುಂಬ ಹಾಸಿಗೆ, ಆರಕ್ಕೆ ಕಾಫಿ, ಜಂಬೂಸವಾರಿ ನೋಡಿ ಮನೆಗೆ ಬರುವ ಹೊತ್ತಿಗೆ ಬಿಸಿ ಬೋಂಡಾ. ಬೋಂಡಾ ಆರಿತ್ತು ಎಂದು ಒಂದು ವರ್ಷವೂ ಗೊಣಗಬೇಕಾಗಿ ಬಂದಿಲ್ಲ. ಅತ್ತಿಗೆಯ ವಿಷಯದಲ್ಲಿ ಗಾರ್ಗಿ ಇಷ್ಟು ಮಾತ್ರ ಧಾರಾಳವಾಗಿ ಹೇಳುತ್ತಾಳೆ. ಇಂಥ ಹಕ್ಕನ್ನು ಯಾವುದೋ ದ್ವೀಪಕ್ಕಾಗಿ ಬಿಟ್ಟುಕೊಡುವುದುಂಟೆ?

"ನಿಜವಾಗ್ಲೂ ಹೋಗ್ತಿದ್ದೀರಾ ಅತ್ತಿಗೆ?"

"ನಿಮ್ಮಣ್ಣನ್ನೇ ಕೇಳಮ್ಮ. ಸಮುದ್ರದ ಹುಚ್ಚು ಹತ್ತಿರೋದು ಅವರಿಗೆ."

ವೆಂಕಟಸುಬ್ಬಯ್ಯ ನಾಲ್ಕು ಹಾಳೆ ತಂದು ತಂಗಿಯ ಮುಂದಿಟ್ಟ. ನಿವೃತ್ತ ಗುಮಾಸ್ತ, ಪ್ರವಾಸವನ್ನೂ ಮದುವೆಯ ಕಾರ್ಯಕ್ರಮ ಪಟ್ಟಿಯಂತೆ ಬರೆದಿದ್ದ. ಶಂಖತೀರ ಹೋಟೆಲ್, ಎರಡನೇ ಮಹಡಿ. ಆರೂವರೆಗೆ ಕಾಫಿ. ಏಳಕ್ಕೆ ಸಮುದ್ರ. ಒಂಬತ್ತಕ್ಕೆ ತಿಂಡಿ. ಹತ್ತಕ್ಕೆ ಮತ್ತೆ ಸಮುದ್ರ. ವಿಜಯದಶಮಿಯ ಸಂಜೆ ನಾಲ್ಕಕ್ಕೆ, ಬದಲಾವಣೆ ಇರಲಿ ಎಂದು, ಹೋಟೆಲಿನ ಎದುರಿನ ಸಮುದ್ರ.

"ಟಿಕೆಟ್ ಎಲ್ಲಿ?"

"ಫೋನಲ್ಲಿದೆ."

"ಫೋನ್ ಎಲ್ಲಿ?"

"ಚಾರ್ಜಿಗೆ ಹಾಕಿದ್ದೀನಿ ಕಣೇ. ನೀನೇನು ಟಿಕೆಟ್ ಕಲೆಕ್ಟರಾ?"

ಗಾರ್ಗಿ ಒಳಗೆ ಹೋದಳು. ಅಡುಗೆಮನೆಯಲ್ಲಿ ಗೊಜ್ಜವಲಕ್ಕಿಯ ಪುಡಿ ಡಬ್ಬಿಗಟ್ಟಲೆ ತಯಾರಾಗಿತ್ತು. ಪಕ್ಕದ ಕೋಣೆಯಲ್ಲಿ ಅಂಬುಜಾ ಅಟ್ಟದಿಂದ ಇಳಿಸಿದ ಪಟ್ಟದ ಬೊಂಬೆಗಳನ್ನು ಮಗುವಿನ ಮೈ ಒರೆಸುವಂತೆ ಒರೆಸುತ್ತಿದ್ದಳು.

"ಊರಲ್ಲೇ ಇರಲ್ಲ ಅಂದ್ಮೇಲೆ ಬೊಂಬೆ ಯಾಕೆ ಇಳಿಸಿದ್ರಿ?"

"ಧೂಳು ಹೊಡೀಬೇಡ್ವೇನೇ? ಅವಕ್ಕೇನು ಅಂಡಮಾನ್ ಇದೆಯಾ?"

ನ್ಯಾಯವಾದ ಮಾತು. ಗಾರ್ಗಿ ಒಪ್ಪಿಕೊಂಡಳು. ಹೊಟ್ಟೆಯುರಿ ಮಾತ್ರ ಒಪ್ಪಲಿಲ್ಲ.

"ಹೋಗ್ಲಿ ಬಿಡು ಅಣ್ಣ, ಬೀಗದ ಕೈ ಕೊಟ್ಬಿಡು. ನಾವೇ ಬಂದು, ನಾವೇ ಮಾಡ್ಕೊಂಡು ತಿಂದು ಹೋಗ್ತೀವಿ."

"ಮನೆಗೆ ಬಣ್ಣ ಹೊಡೆಸ್ತಿದ್ದೀವಿ!" ಎಂದರು ಗಂಡ ಹೆಂಡತಿ, ಒಂದೇ ಉಸಿರಿಗೆ. ಒಂದು ಸಾರಿನ ಉಪ್ಪಿನ ವಿಷಯದಲ್ಲೂ ಒಮ್ಮತ ಕಾಣದ ದಂಪತಿ. ಸಮುದ್ರ ಏನೆಲ್ಲ ಮಾಡಿಸುತ್ತದೆ ಎಂದು ಗಾರ್ಗಿಗೆ ಅಚ್ಚರಿಯಾಯಿತು.

ಅಣ್ಣ ಕಾಫಿ ತರಲು ಹೋದಾಗ ಅವಳು ನಾಲ್ಕೂ ಹಾಳೆಗಳ ಫೋಟೊ ತೆಗೆದುಕೊಂಡಳು.

ಅಂದು ಸಂಜೆ ಅರಸೀಕೆರೆಯಲ್ಲಿ ತೀರ್ಮಾನ ಹೊರಬಿತ್ತು. "ರೀ, ನಾವೂ ಅಂಡಮಾನ್‌ಗೆ ಹೋಗೋಣ. ಹೇಳದೇ ಹೋಗೋಣ. ಎದುರಿಗೆ ನಿಂತಾಗ ಅತ್ತಿಗೆ ಮುಖ ನೋಡ್ಬೇಕು ನೀವು! ಊಟದ ಯೋಚನೆಯೂ ಇಲ್ಲ, ಗೊಜ್ಜವಲಕ್ಕಿ ಆಗಲೇ ರೆಡಿಯಾಗಿದೆ."

ಶಿವಶಂಕರ್ ಪೇಪರ್ ಕೆಳಗಿಟ್ಟ. "ಪಾಪ, ಅವರಿಗೂ ನಾಲ್ಕು ದಿನ ನೆಮ್ಮದಿ ಬೇಡ್ವೇನೇ?"

"ನಾವು ಹೋದ್ರೆ ಅವರ ನೆಮ್ಮದಿಗೆ ಏನಾಗುತ್ತೆ?"

ಈ ಪ್ರಶ್ನೆಗೆ ಶಿವಶಂಕರನ ಬಳಿ ಉತ್ತರವಿತ್ತು. ಧೈರ್ಯವಿರಲಿಲ್ಲ.

ಹೀಗೆ, ಚರಿತ್ರೆಯಲ್ಲಿ ಮೊದಲ ಬಾರಿಗೆ, ಗಾರ್ಗಿಯ ಮನೆಯವರು ಸ್ವಂತ ಖರ್ಚಿನಲ್ಲಿ ದಸರಾಕ್ಕೆ ಹೊರಟರು. ರಜಾದಿನದ ನೂಕುನುಗ್ಗಲಿನಲ್ಲಿ ಟಿಕೆಟ್ ಸಿಕ್ಕಿದ್ದು ವಿಜಯದಶಮಿಯ ದಿನಕ್ಕೇ. ವಿಮಾನದಲ್ಲಿ ಅತ್ತೆಗೆ ವಾಂತಿ. ಅಕ್ಕನಿಗಿಂತ ಕಡಿಮೆಯಾಗಬಾರದೆಂದು ಅವರ ತಂಗಿಗೂ ವಾಂತಿ. ಶಂಖತೀರ ಹೋಟೆಲ್ ತಲುಪಿದಾಗ ನಾಲ್ಕಕ್ಕೆ ಹತ್ತು ನಿಮಿಷವಿತ್ತು.

ವೆಂಕಟಸುಬ್ಬಯ್ಯ ಎಂಬ ಹೆಸರಿನವರು ಯಾರೂ ಇಲ್ಲ ಎಂದು ಹೋಟೆಲಿನವನು ಹಿಂದಿಯಲ್ಲಿ ನಯವಾಗಿ ಹೇಳಿದ. ನಮ್ಮ ಹೆಸರುಗಳನ್ನು ಇವರಿಗೆಲ್ಲ ಬರೆಯಲು ಎಲ್ಲಿ ಬರಬೇಕು? ಗಾರ್ಗಿ ಅವನನ್ನು ಕ್ಷಮಿಸಿದಳು. ಅಣ್ಣನ ಪಟ್ಟಿಯನ್ನು ಇನ್ನೊಮ್ಮೆ ನೋಡಿ, ಇಡೀ ಸಂಸಾರವನ್ನು ಹೋಟೆಲಿನ ಎದುರಿನ ಮರಳಿನ ಮೇಲೆ ಸಾಲಾಗಿ ನಿಲ್ಲಿಸಿದಳು. ಸಮುದ್ರವಿತ್ತು. ಒಂದು ದೋಣಿ, ಅದರೊಳಗೆ ನಿದ್ದೆ ಹೊಡೆಯುತ್ತಿದ್ದ ಅಂಬಿಗ. ಅತ್ತಿಗೆ ಇರಲಿಲ್ಲ.

ನಗು ತಡೆದುಕೊಂಡು ಫೋನ್ ಮಾಡಿದಳು. "ಅತ್ತಿಗೆ, ಎಲ್ಲಿದ್ದೀರಿ?"

"ಹೋಟೆಲ್ ಎದುರಿಗೇ ಕಣೇ, ಸಮುದ್ರದ ದಡದಲ್ಲಿ!" ಅಂಬುಜಾ ಕಿರುಚುತ್ತಿದ್ದಳು. ಹಿಂದೆ ವಿಪರೀತ ಗದ್ದಲ.

ಗಾರ್ಗಿ ಎಡಕ್ಕೆ ನೋಡಿದಳು. ಬಲಕ್ಕೆ ನೋಡಿದಳು. "ಜನ ಜಾಸ್ತೀನಾ?"

"ಅಯ್ಯೋ, ಕಾಲಿಡೋಕೆ ಜಾಗ ಇಲ್ಲ ಕಣಮ್ಮ!"

ಅಂಬಿಗ ಮಗ್ಗುಲು ಬದಲಿಸಿದ. ಫೋನಿನಲ್ಲಿ ಢಂ ಎಂದಿತು. ಮತ್ತೆ ಢಂ.

"ಏನತ್ತಿಗೆ ಅದು ಸದ್ದು?"

"ಅಲೆ ಕಣೇ! ಬಂಡೆಗೆ ಬಡೀತಿದೆ!"

ಸಣ್ಣದೊಂದು ಅಲೆ ಸದ್ದಿಲ್ಲದೆ ಬಂದು, ಗಾರ್ಗಿಯ ಹೊಸ ಚಪ್ಪಲಿಯನ್ನು ಒದ್ದೆ ಮಾಡಿ, ಹಿಂದಕ್ಕೆ ಹೋಯಿತು. ಅವಳು ಬಾಯಿ ತೆರೆಯುವಷ್ಟರಲ್ಲಿ ಆ ಕಡೆಯಿಂದ ಸಾವಿರಾರು ಗಂಟಲುಗಳು ಒಟ್ಟಿಗೆ ಕೂಗಿದವು. ಎಲ್ಲಕ್ಕಿಂತ ಮೇಲೆ, ಅಳುತ್ತಿದ್ದಾನೋ ನಗುತ್ತಿದ್ದಾನೋ ತಿಳಿಯದ ಅಣ್ಣನ ದನಿ ಕೇಳಿಸಿತು:

"ಫೋನ್ ಇಡೇ ಅಂಬುಜಾ, ಮೂವತ್ತೊಂದು ವರ್ಷ ಮೈಸೂರಲ್ಲಿದ್ದು ಒಂದ್ಸಲಾನೂ ನೋಡಿಲ್ಲ ನೀನು, ಎದ್ದು ನಿಂತ್ಕೋ, ಅಂಬಾರಿ ಬಂತು!"