ದ್ರೋಣಪರ್ವಕ್ಕೆ ಕನ್ನ

ಅಡುಗೆಮನೆಯಲ್ಲಿ ಅತ್ತೆ ಅಳಿಯನಿಗಾಗಿ ಕೇಸರಿಬಾತಿಗೆ ಗೋಡಂಬಿ ಹುರಿಯುತ್ತಿದ್ದರು. ಮುಂದಿನ ಕೋಣೆಯಲ್ಲಿ ಅಳಿಯ ಸುದರ್ಶನ ಮೇಜಿನ ಕೆಳಗೆ ಮಂಡಿಯೂರಿ, ಮಾವನ ಕಂಪ್ಯೂಟರನ್ನು ಬಿಚ್ಚುತ್ತಿದ್ದ.

ಮಾವ ಶಂಕರನಾರಾಯಣರು ಭದ್ರಾ ಹೊಳೆಯ ಕಡೆ ವಾಕಿಂಗ್ ಹೋಗಿದ್ದರು. ಅವರು ಬರುವುದರೊಳಗೆ ಕೆಲಸ ಮುಗಿಯಬೇಕು. ರ‍್ಯಾಮ್ ಎಂದರೆ ಕಂಪ್ಯೂಟರಿಗೆ ವೇಗ ಕೊಡುವ, ಬೆರಳುದ್ದದ ಒಂದು ಹಸಿರು ಪಟ್ಟಿ. ಎರಡು ಕಡೆಯ ಕೊಂಡಿ ಒತ್ತಿದರೆ ಟಪ್ಪೆಂದು ಕೈಗೆ ಬರುತ್ತದೆ. ವಿಡಿಯೊ ನೋಡಿ ಅಷ್ಟನ್ನು ಮಾತ್ರ ಕಲಿತಿದ್ದ. ಮೇಜಿನಡಿಯ ಕತ್ತಲಲ್ಲೇ ಅದನ್ನು ಕಿತ್ತು, ಕರ್ಚೀಫಿನಲ್ಲಿ ಸುತ್ತಿ ಜೇಬಿಗಿಳಿಸಿದ. ಶಿವಮೊಗ್ಗದಿಂದ ತಂದಿದ್ದ ತನ್ನ ಸೋಮಾರಿ ಪಟ್ಟಿಯನ್ನು ಆ ಜಾಗದಲ್ಲಿ ಕೂರಿಸಿದ.

"ಅಲ್ಲೇನು ಹುಡುಕ್ತಿದೀರಿ?" ಒಳಗಿನಿಂದ ಅತ್ತೆ ಸುಬ್ಬಲಕ್ಷ್ಮಿ ಕೇಳಿದರು.

"ಪೆನ್ನು ಬಿತ್ತು, ಅತ್ತೆ."

"ಆ ಟೇಬಲ್ ಹತ್ರ ಹುಷಾರು ಮಾರಾಯ್ರೆ. ನಾನು ಪೊರಕೆ ಹಿಡ್ಕೊಂಡು ಹೋದ್ರೂ ಇವ್ರು ರೇಗ್ತಾರೆ. ಬಾಗಿಲು ಹಾಕ್ಕೊಂಡು ಕೂತ್ರೆ ಊಟಕ್ಕೆ ಕರೆದ್ರೂ ಬರಲ್ಲ. ಯುದ್ಧ ನಡೀತಿದೆ, ಈಗ ಏಳೋಕಾಗಲ್ಲ ಅಂತಾರೆ."

ಸುದರ್ಶನನಿಗೆ ನಾಚಿಕೆಯಾಯಿತು. ಮಾವ ಸಂಸ್ಕೃತದ ಮೇಷ್ಟರಾಗಿದ್ದವರು. ನಿವೃತ್ತರಾದಂದಿನಿಂದ ದ್ರೋಣಪರ್ವಕ್ಕೆ ಕನ್ನಡ ವ್ಯಾಖ್ಯಾನ ಟೈಪ್ ಮಾಡುತ್ತಿದ್ದಾರೆ; ಮುಗಿಯುವವರೆಗೆ ಯಾರಿಗೂ ತೋರಿಸುವುದಿಲ್ಲ ಎಂಬುದು ಅವರ ಹಟ. ಏಳುವಾಗ ಕೀಬೋರ್ಡಿನ ಮೇಲೆ ಕಣ್ಣು ಬಿತ್ತು. ಎಡಗಡೆಯ ನಾಲ್ಕು ಕೀಲಿಗಳ ಮೇಲಿನ ಅಕ್ಷರ ಪೂರ್ತಿ ಸವೆದುಹೋಗಿತ್ತು. ಈ ವಯಸ್ಸಿನಲ್ಲಿ ಎಂಥ ಶ್ರಮ ಎಂದುಕೊಂಡು ಬೇಗ ಮುಖ ತಿರುಗಿಸಿದ.

ಕೇಸರಿಬಾತನ್ನು ಅರ್ಧಕ್ಕೇ ಬಿಟ್ಟು ಭದ್ರಾವತಿಯಿಂದ ಶಿವಮೊಗ್ಗಕ್ಕೆ ಹೊರಟ.

ಅವನ ಕಷ್ಟವೂ ಸುಳ್ಳಲ್ಲ. ಕಾಲೇಜಿನಲ್ಲಿ ದಿನವಿಡೀ ಪಾಠ ಹೇಳಿ ಬಂದವನಿಗೆ ಇದ್ದ ಒಂದೇ ಚಟ, ಎಡಗೈಯ ನಾಲ್ಕು ಕೀಲಿಗಳಿಂದ ಸೈನಿಕನನ್ನು ಓಡಿಸುವ ಕಂಪ್ಯೂಟರಿನ ಯುದ್ಧದ ಆಟ. ಆ ಕಂಪ್ಯೂಟರಿಗೆ ಮದುವೆಯಷ್ಟೇ ವಯಸ್ಸು. ಶಿವಮೊಗ್ಗದ ಗಾಂಧಿ ಬಜಾರಿನ ಹತ್ತಿರದ ಹಾಲೇಶನ ಅಂಗಡಿಯಲ್ಲಿ ಮಾವನೇ ಜೋಡಿಯಾಗಿ ಮಾಡಿಸಿದ್ದು, ಒಂದು ಮಗಳ ಮನೆಗೆ, ಒಂದು ತಮಗೆ. ಇವನು ಗುರಿಯಿಡುವಾಗಲೇ ಪರದೆ ಹೆಪ್ಪುಗಟ್ಟುತ್ತಿತ್ತು. ಮತ್ತೆ ಚಿತ್ರ ಕದಲುವಷ್ಟರಲ್ಲಿ ಇವನು ಸತ್ತಿರುತ್ತಿದ್ದ.

ಕಳೆದ ಆಯುಧಪೂಜೆಗೆ ಹೆಂಡತಿ ಅಮೂಲ್ಯಾಳನ್ನು ಕಾಡಿ ಬೇಡಿ, ಹಾಲೇಶನಿಂದ ಯಾರೋ ಬಳಸಿದ್ದ ದೊಡ್ಡ ರ‍್ಯಾಮ್ ತರಿಸಿದ್ದ. ಸ್ಕೂಟರು, ಮಿಕ್ಸಿಗಳಿಗೆ ಕುಂಕುಮ ಇಡುತ್ತಿದ್ದ ಅಮೂಲ್ಯಾ ಆ ಪಟ್ಟಿಗೂ ಎರಡು ಬೊಟ್ಟು ಇಟ್ಟಿದ್ದಳು. "ಒಂದು ಇದಕ್ಕೆ. ಇನ್ನೊಂದು ನಿಮಗೆ ಬುದ್ಧಿ ಬರ್ಲಿ ಅಂತ." ಹಬ್ಬಕ್ಕೆ ಬಂದಿದ್ದ ಮಾವ ನಕ್ಕಿದ್ದರು. "ಅಕ್ಷರ ಬರೆಯೋ ಯಂತ್ರ ಆಯುಧ ಹೇಗಾಗುತ್ತೆ? ನನ್ನದಕ್ಕೆ ನಾನು ಯಾವತ್ತೂ ಕುಂಕುಮ ಇಟ್ಟಿಲ್ಲ." ಆದರೂ ಕನ್ನಡಕ ಸರಿಮಾಡಿಕೊಂಡು, ಹಾಲೇಶ್ ಅದನ್ನು ಕೂರಿಸುವುದನ್ನು ಮಗುವಿನಂತೆ ನೋಡಿದ್ದರು.

ಆಟ ಸೊಗಸಾಗಿ ಓಡಿತು. ದೀಪಾವಳಿಯಾದ ಮೇಲೆ ಮತ್ತೆ ಏದುಸಿರು. ಆಟಗಳೇ ಭಾರವಾಗುತ್ತಿವೆ ಎಂದು ಗೆಳೆಯರು ಹೇಳಿದರು, ಇವನು ನಂಬಿದ.

"ಈಗ ರ‍್ಯಾಮ್ ಮಾತ್ರ ಕೇಳ್ಬೇಡಿ ಸಾರ್," ಎಂದ ಹಾಲೇಶ್. "ಅಡಿಕೆ ರೇಟಿಗಿಂತ ಜೋರಾಗಿ ಏರಿದೆ." ಅಮೂಲ್ಯಾ ಸ್ಕೂಟರಿನ ಬೋಳು ಟೈರು ತೋರಿಸಿ ಮಾತು ಮುಗಿಸಿದಳು. ಅದೇ ವಯಸ್ಸಿನ ಮಾವನ ಕಂಪ್ಯೂಟರ್ ಮಾತ್ರ ಬಟನ್ ಒತ್ತಿದ ಕೂಡಲೇ ಎದ್ದು ಕೂರುತ್ತಿತ್ತು. ಬರೀ ಅಕ್ಷರ ಕುಟ್ಟುವುದಕ್ಕೆ ಅಷ್ಟು ವೇಗ ಯಾಕೆ ಎಂದು ಅವನ ಒಳಗಿನ ಕಳ್ಳ ಕೇಳಿದ.

ಕದ್ದ ಪಟ್ಟಿ ಹಾಕಿದ ಮೇಲೆ ಆಟ ಬೆಣ್ಣೆಯಂತೆ ಓಡಿತು. ಸುದರ್ಶನ ಗೆದ್ದ, ಮತ್ತೆ ಗೆದ್ದ, ಆದರೆ ಒಂದು ಗೆಲುವೂ ರುಚಿಸಲಿಲ್ಲ. ದೀಪಾವಳಿಗೆ ಇವನ ಮನೆಯಲ್ಲಿ ಸೇರಿದ್ದವರೆಲ್ಲ ತ್ಯಾವರೆಕೊಪ್ಪದ ಸಫಾರಿಗೆ ಹುಲಿ ನೋಡಲು ಹೊರಟಾಗ, ಕಾರಿನಲ್ಲಿ ಉಳಿದವರಿಗೆ ಜಾಗವಾಗಲಿ ಎಂದು ಮಾವ ಒಬ್ಬರೇ ಮನೆಯಲ್ಲಿ ಉಳಿದಿದ್ದರು. "ನೀವೆಲ್ಲ ಆರಾಮಾಗಿ ಹೋಗಿ ಬನ್ನಿ. ನಾನು ಮನೆ ನೋಡ್ಕೋತೀನಿ." ಅಂಥ ಮನುಷ್ಯನಿಗೆ ತಾನು ಮಾಡಿದ್ದೇನು?

ಭಾನುವಾರ ಬೆಳಿಗ್ಗೆ ಮಾವನ ಫೋನ್ ಬಂತು. ಧ್ವನಿ ಎಂದಿನಂತಿರಲಿಲ್ಲ, ತಗ್ಗಿತ್ತು.

"ಅಳಿಯಂದ್ರೇ, ನಮ್ಮ ಕಂಪ್ಯೂಟರ್ ಯಾಕೋ ಮುಕ್ಕರೀತಿದೆ. ಅಭಿಮನ್ಯು ವ್ಯೂಹದ ಒಳಗೆ ಹೋಗಿ ಹಾಗೇ ನಿಂತ್ಬಿಟ್ಟಿದಾನೆ. ನೀವು ಬಂದಾಗ ಅದನ್ನೇನಾದ್ರೂ ಬಿಚ್ಚಿ ನೋಡಿದ್ರಾ?"

"ಇಲ್ಲ ಮಾವ. ಹಾಲೇಶನ್ನ ಕಳಿಸ್ಲಾ?"

"ಬೇಡ ಬೇಡ. ಯಾರೂ ಬಿಚ್ಚೋದು ಬೇಡ. ಈ ವಿಷಯ ನಮ್ಮಿಬ್ಬರಲ್ಲೇ ಇರ್ಲಿ. ಅಮೂಲ್ಯಾಗೆ ಹೇಳ್ಬೇಡಿ," ಎಂದು ಫೋನ್ ಇಟ್ಟರು.

ಅವರಿಗೆ ಎಲ್ಲವೂ ಗೊತ್ತಾಗಿದೆ ಎಂದು ಸುದರ್ಶನ ತಿಳಿದ. ಗೊತ್ತಾಗಿಯೂ ಅಳಿಯನ ಮಾನ ಉಳಿಸುತ್ತಿದ್ದಾರೆ. ಬೈದಿದ್ದರೆ ತಡೆದುಕೊಳ್ಳುತ್ತಿದ್ದ, ಈ ದೊಡ್ಡತನವನ್ನು ತಡೆಯಲಾಗಲಿಲ್ಲ. ನೇರವಾಗಿ ಹೋಗಿ ಅಮೂಲ್ಯಾಳ ಮುಂದೆ ನಿಂತು ಎಲ್ಲವನ್ನೂ ಹೇಳಿದ.

ಅವಳು ಕೂಗಾಡಲಿಲ್ಲ. "ನಮ್ಮಪ್ಪನ ಮನೇಲಿ ಕಳ್ಳತನ ಮಾಡಿದ್ರಾ? ತೆಗೀರಿ ಅದನ್ನ. ಈಗ್ಲೇ ಭದ್ರಾವತಿಗೆ ಹೋಗೋಣ. ಅವರ ಕಾಲಿಗೆ ಬಿದ್ದು ನೀವೇ ಕೊಡಿ."

ಅವನು ಪಟ್ಟಿ ಕಿತ್ತು ತಲೆ ತಗ್ಗಿಸಿ ಕೊಟ್ಟ. ಧೂಳಿನೊಂದಿಗೆ ಅಪ್ಪನಿಗೆ ಹಿಂದಿರುಗಿಸಬಾರದೆಂದು ಅಮೂಲ್ಯಾ ಅದನ್ನು ಕಿಟಕಿಯ ಬೆಳಕಿಗೆ ಹಿಡಿದು, ಒರೆಸಲು ಸೆರಗು ತೆಗೆದುಕೊಂಡು, ಮಗುಚಿದಳು.

ಅಲ್ಲಿ ಆಯುಧಪೂಜೆಯಂದು ಅವಳೇ ಇಟ್ಟಿದ್ದ ಎರಡು ಕುಂಕುಮದ ಬೊಟ್ಟುಗಳು ಹಾಗೇ ಇದ್ದವು.