ಕಲ್ಲು ಕಟ್ಟದ ವನಮಾಲಾ

ನಲವತ್ತು ದಾಟಿದ ಹೆಂಗಸರೆಲ್ಲ ಹಗುರಾಗಿ ಗಾಳಿಗೇಳತೊಡಗಿದ ಮೇಲೆ, ಅವರು ಸೊಂಟಕ್ಕೆ ಸರ್ಕಾರಿ ಕಲ್ಲು ಕಟ್ಟಿಕೊಳ್ಳುವುದು ಕಡ್ಡಾಯವಾಗಿತ್ತು. ಆ ದಿನ ವನಮಾಲಾ ತನ್ನ ಕಲ್ಲನ್ನು ಬಿಚ್ಚಿ, ಉಪ್ಪುನೀರಿನಲ್ಲಿ ಮಾವಿನಮಿಡಿ ತೇಲದಿರಲೆಂದು ಭರಣಿಯೊಳಗೆ ಅದರ ಮೇಲೆ ಹೇರಿದಳು. ಕಲ್ಲನ್ನು ಮರೆತು, ಒದ್ದೆ ಬಟ್ಟೆಯ ಭಾರದ ಬಕೆಟ್ಟು ಹೊತ್ತು ಒಣಹಾಕಲು ತಾರಸಿಗೆ ಹೋದವಳು, ಅದನ್ನು ಕೆಳಗಿಟ್ಟ ಕೂಡಲೇ ಮೇಲೆದ್ದಳು. ಕೈಗೆ ಬಟ್ಟೆಯ ತಂತಿ ಸಿಕ್ಕಿತು, ಕಾಲು ಆಕಾಶಕ್ಕಾಯಿತು.

ಗಂಟೆಯೊಳಗೆ ಬೀದಿ ತುಂಬಿತು. "ಕಲ್ಲು ಕಿತ್ತೆಸೆದ ವನಮಾಲಕ್ಕಂಗೆ ಜೈ!"

"ಎಸೆದಿಲ್ಲ, ಮರೆತೆ ಅಂತ ಹೇಳಿಬಿಡೇ!" ಗಂಡ ತ್ರಿವಿಕ್ರಮ ಕೆಳಗಿನಿಂದ ಗೋಗರೆದ. "ಇನ್ಸ್‌ಪೆಕ್ಟರು ಹೊಸ ಕಲ್ಲು ತಂದಿದ್ದಾರೆ. ತಪ್ಪು ಮಾಡಿದೋರಿಗೆ ಎರಡರಷ್ಟು ಭಾರದ್ದಂತೆ. ಕಟ್ಟಿಸ್ಕೊಂಡು ಇಳಿದುಬಾ, ಮಾನ ಹೋಗ್ತಿದೆ."

ಒಂದು ಗಂಟೆಯಿಂದ ತನ್ನನ್ನು ಯಾರೂ ಕಾಫಿ ಕೇಳಿಲ್ಲವೆಂದು ಅವಳಿಗೆ ಹೊಳೆಯಿತು. ಸೊಂಟನೋವೂ ಇರಲಿಲ್ಲ.

ಎದುರುಮನೆಯ ಪದ್ಮಿನಮ್ಮ ಬೀದಿಯಲ್ಲಿ ನಿಂತು, ತನ್ನ ಕಲ್ಲಿನ ಗಂಟಿನ ಮೇಲೆ ಕೈಯಿಟ್ಟಿದ್ದಳು. "ನಿಜ ಹೇಳ್ರೀ. ಎಸೆದಿದ್ದೋ, ಮರೆತಿದ್ದೋ?"

ಜೈಕಾರ ನಿಂತಿತು. ಇನ್ಸ್‌ಪೆಕ್ಟರು ಪೆನ್ನು ತೆಗೆದರು.

"ಬೆಳಗ್ಗೆ ಮರೆತಿದ್ದೆ ಕಣ್ರೀ," ಎಂದಳು ವನಮಾಲಾ. "ಈಗ ಬೇಡ ಅನ್ನಿಸ್ತಿದೆ."

ಹಾಗೆಂದು ತಂತಿಯಿಂದ ಒಂದು ಕೈ ಬಿಟ್ಟು, ಕೆಳಕ್ಕೆ ಚಾಚಿದಳು. ಪದ್ಮಿನಮ್ಮನ ಕಲ್ಲು, ಚಪ್ಪಲಿಗಳು ಮಾತ್ರ ಬೀದಿಯಲ್ಲಿ ಉಳಿದವು.