ಊರಿಗೊಂದೇ ಕೋಟು

ಮೊನ್ನೆ ಕಪಾಟು ತೆರೆದಾಗ ನುಸಿಗುಳಿಗೆಯ ವಾಸನೆ ಬಂತು. ಅರಬ್ ಮರುಭೂಮಿಯಲ್ಲಿ ನಜ್ರಾನ್ ದಾರಿಯ ನಮ್ಮ ಪುಟ್ಟ ಊರು ಕಣ್ಣೆದುರು ನಿಂತಿತು.

ಆ ಊರಿನ ಇತಿಹಾಸ ದೀರ್ಘವಲ್ಲ. ಬಟಾಬಯಲಲ್ಲಿ ಮೊದಲು ಬಾವಿ, ಆಮೇಲೆ ಪೆಟ್ರೋಲ್ ಪಂಪು, ಆಮೇಲೆ ಸುತ್ತಲಿನ ಹಳ್ಳಿಗಳಿಗೆಲ್ಲ ಒಂದೇ ಸರಕಾರಿ ಕಚೇರಿ, ಅದರೆದುರು ಅಪ್ಪನ ಫೋಟೋ ಸ್ಟುಡಿಯೋ. ಇಕಾಮಾದ, ಅಂದರೆ ಅಲ್ಲಿ ವಾಸಿಸುವ ಪರವಾನಗಿಯ, ಫೋಟೋಗೆ ಬಂದವರೆಲ್ಲ ಮೊಳೆಗೆ ತೂಗಿದ್ದ, ನುಸಿಗುಳಿಗೆ ನಾರುವ ಅದೇ ಕಪ್ಪು ಕೋಟು ತೊಡುತ್ತಿದ್ದರು. ಕಚೇರಿಯ ಕಡತಗಳ ಪ್ರಕಾರ ನಮ್ಮೂರಿನ ಕ್ಷೌರಿಕನೂ ಕುರಿ ಕಾಯುವವನೂ ಸಮಾನ ಗಣ್ಯರು.

ಒಂದು ಮಧ್ಯಾಹ್ನ ನೀರಿನ ಟ್ಯಾಂಕರ್ ಓಡಿಸುವ ಹಸನಾಕ ಬಂದರು. ಇಪ್ಪತ್ತು ವರ್ಷ ದುಡಿದು ಮರುದಿನ ಖಾಯಂ ಆಗಿ ಮಂಗಳೂರಿಗೆ ಹೊರಟಿದ್ದರು.

"ಒಂದು ಫೋಟೋ ತೆಗಿ ಮಾರಾಯ. ಹಿಂದೆ ಈ ಊರು ಕಾಣಬೇಕು. ಇಷ್ಟು ವರ್ಷ ಎಲ್ಲಿದ್ದೆ ಅಂತ ಮನೆಯವರಿಗೆ ಗೊತ್ತಾಗಲಿ."

"ಇಲ್ಲಿ ಕಾಣ್ಲಿಕ್ಕೆ ಎಂತ ಉಂಟು ಹಸನಾಕ? ಒಳಗೆ ಪರದೆಯಲ್ಲಿ ಜಲಪಾತ ಉಂಟು."

"ಜಲಪಾತ ಇದ್ದಿದ್ರೆ ನನ್ನ ಟ್ಯಾಂಕರ್ ಯಾಕೆ ಬೇಕಿತ್ತು?"

ಅಪ್ಪ ಕ್ಯಾಮೆರಾ ರಸ್ತೆಗೆ ತಂದರು. ಹಸನಾಕ ಕೋಟು ತೊಟ್ಟು, ಬಯಲಿಗೆ ಬೆನ್ನು ಮಾಡಿ ನೆಟ್ಟಗೆ ನಿಂತರು. ಫೋಟೋ ಆದದ್ದೇ ಕಣ್ಣೊರೆಸಿಕೊಂಡು ಟ್ಯಾಂಕರ್ ಹತ್ತಿ ಹೊರಟರು, ಕೋಟಿನ ಸಮೇತ.

"ಅಪ್ಪಾ, ಕೋಟು," ಎಂದೆ.

"ಇರಲಿ. ಮಂಗಳೂರಲ್ಲಿ ಭಾರೀ ಚಳಿ," ಎಂದು ಅಪ್ಪ ಗಂಭೀರವಾಗಿ ಹೇಳಿ, ಖಾಲಿ ಮೊಳೆಗೆ ಕ್ಯಾಲೆಂಡರ್ ತೂಗುಹಾಕಿದರು.